ಅಮ್ಮಾ, ಆ ಫೋಟೋ ಕಳಿಸಬೇಡ

ಜೋಹಾನ್ಸ್‌ಬರ್ಗ್
ಭಾನುವಾರ

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ, ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಅಪ್ಪನಿಗೆ, ಅಜ್ಜಿಗೆ ನಮಸ್ಕಾರ ತಿಳಿಸು.

ಸುರೇಶಣ್ಣನ ಕೈಲಿ ಕಳಿಸಿದ ಚಕ್ಕುಲಿ, ಕಾಗದ ಎರಡೂ ಸಿಕ್ಕಿದವು. ಚಕ್ಕುಲಿ ಪುಡಿಯಾಗಿತ್ತು. ಪರವಾಗಿಲ್ಲ, ಮೊಸರನ್ನಕ್ಕೆ ಹಾಕಿಕೊಂಡು ತಿಂದೆ. ಕಾಗದ ಓದಿದ ಮೇಲೆ ಮಾತ್ರ ನಿದ್ದೆ ಬರಲಿಲ್ಲ.

ಮೊದಲು ನಿನ್ನ ಭಯಕ್ಕೆ ಉತ್ತರ. ನಾನು ಹುಷಾರಾಗಿದ್ದೇನೆ. ಕತ್ತಲಾದ ಮೇಲೆ ಹೊರಗೆ ಹೋಗುವುದಿಲ್ಲ. ನಮ್ಮ ಕಟ್ಟಡಕ್ಕೆ ಎರಡು ಗೇಟು, ಇಬ್ಬರು ಕಾವಲುಗಾರರು. ಬೆಂಗಳೂರಿಗಿಂತ ಎತ್ತರದ ಊರು, ಹವೆ ಚೆನ್ನಾಗಿದೆ. ಊಟಕ್ಕೆ ಪಾಪ್ ಅಂತ ಮೆಕ್ಕೆಜೋಳದ ಮುದ್ದೆ ಸಿಗುತ್ತದೆ. ನಮ್ಮ ರಾಗಿ ಮುದ್ದೆಯ ಮುಂದೆ ಏನೂ ಅಲ್ಲ, ಆದರೂ ಸಾರಿನ ಜೊತೆ ಇಳಿಯುತ್ತದೆ. ಸಿಗ್ನಲ್ ದೀಪಕ್ಕೆ ಇಲ್ಲಿ ‘ರೋಬೋಟ್’ ಅಂತಾರೆ. ರೋಬೋಟ್ ಹತ್ತಿರ ಎಡಕ್ಕೆ ತಿರುಗು ಅಂದಾಗ ಮೊದಲ ವಾರ ನಾನು ನಿಜವಾಗಿಯೂ ಯಂತ್ರದ ಮನುಷ್ಯನನ್ನು ಹುಡುಕಿದ್ದೆ!

ನಿನ್ನೆ ಆಫೀಸಿನವರ ಜೊತೆ ಒಂದು ಹವ್ಯಾಸಿ ತಂಡದ ನಾಟಕಕ್ಕೆ ಹೋಗಿದ್ದೆ. (ಮಧ್ಯಾಹ್ನದ ಆಟ, ಗಾಬರಿಯಾಗಬೇಡ.) ‘ದಿ ಪೇಂಟೆಡ್ ರಾಕ್ಸ್ ಅಟ್ ರಿವಾಲ್ವರ್ ಕ್ರೀಕ್’ ಅಂತ ಹೆಸರು. ಬರೆದವರು ಅಥೋಲ್ ಫ್ಯೂಗಾರ್ಡ್. ಬಿಳಿಯರೇ, ಆದರೂ ವರ್ಣಭೇದದ ಸರ್ಕಾರ 1967ರಲ್ಲಿ ಅವರ ಪಾಸ್‌ಪೋರ್ಟ್ ಕಿತ್ತುಕೊಂಡಿತ್ತಂತೆ. 2025ರ ಮಾರ್ಚ್‌ನಲ್ಲಿ ತೀರಿಕೊಂಡರು, 92 ವರ್ಷ.

ಕಥೆ ನುಕೈನ್ ಮಬುಜಾ ಎಂಬ ಕೂಲಿ ಮುದುಕನದು. ನಿಜವಾಗಿಯೂ ಇದ್ದವನು. ಒಂದು ಗುಡ್ಡದ ಬಂಡೆಗಳಿಗೆಲ್ಲ ಬಣ್ಣ ಬಳಿದವನು. 1981ರಲ್ಲಿ ಸತ್ತ. ನಾಟಕದ ಕಥೆ ಶುರುವಾಗುವುದೂ ಅದೇ ವರ್ಷದಲ್ಲಿ. ಬಂಡೆಗಳಿಗೆಲ್ಲ ಹೂವು ಬಿಡಿಸಿ ಆಗಿದೆ, ದೊಡ್ಡದೊಂದು ಉಳಿದಿದೆ. ಅದರ ಮೇಲೆ ಮುದುಕ ಕಣ್ಣು ಬರೆದು, ತನ್ನ ಬದುಕಿನ ಕಥೆಯನ್ನೇ ಬಿಡಿಸುತ್ತಾನೆ. ಜಮೀನಿನ ಒಡತಿ, ಬಿಳಿ ಹೆಂಗಸು, ಬಂದು ನೋಡುತ್ತಾಳೆ. ಇದು ಬೇಡ, ಅಳಿಸು, ಹೂವು ಬಿಡಿಸು ಅನ್ನುತ್ತಾಳೆ. ಅವಳೇನು ರಾಕ್ಷಸಿ ಅಲ್ಲಮ್ಮ. ಹೂವೇ ಚಂದ ಎಂದು ಮನಸಾರೆ ನಂಬಿದವಳು. ನಮ್ಮ ರತ್ನತ್ತೆ ಥರ.

ಎರಡನೇ ಭಾಗ 2003ರದು. ಕರಿಯರಿಗೆ ವೋಟು ಬಂದು 9 ವರ್ಷ. ಆಗ ಮುದುಕನ ಜೊತೆಗಿದ್ದ ಹುಡುಗ ಈಗ ಮೇಷ್ಟ್ರು. ಆ ಬಂಡೆಯ ಚಿತ್ರಕ್ಕೆ ಮತ್ತೆ ಬಣ್ಣ ಹಾಕಲು ಬರುತ್ತಾನೆ. ಅದೇ ಹೆಂಗಸು ಪಿಸ್ತೂಲು ಹಿಡಿದು ನಿಲ್ಲುತ್ತಾಳೆ. ಆಮೇಲೆ ಇಬ್ಬರ ಮಾತು, ಮಾತು. ಸ್ವಲ್ಪ ಜಾಸ್ತಿಯೇ ಆಯಿತು, ನನ್ನ ಪಕ್ಕದವನು ತೂಕಡಿಸಿದ. ನನಗೆ ಮಾತ್ರ ‘ಅಳಿಸಿ ಹೂವು ಬಿಡಿಸು’ ಅಂದದ್ದೇ ಕಿವಿಯಲ್ಲಿ ಕೂತುಬಿಟ್ಟಿತ್ತು.

ಯಾಕೆ ಅಂತ ನಿನಗೆ ಗೊತ್ತು. ನಮ್ಮ ಪುಟ್ಟಿಯನ್ನು ನೋಡಿದ ಗಂಡಿನ ಕಡೆಯವರು ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂಚೂರು ಕಮ್ಮಿ’ ಅಂದರು ಅಂತ ಬರೆದಿದ್ದೀಯ. ಇನ್ನೂ 50 ಗ್ರಾಂ ಬಂಗಾರ ಹಾಕಿದರೆ ಒಪ್ಪಬಹುದು ಅಂತಲೂ ಬರೆದಿದ್ದೀಯ. ಮುಂದೆ ಬೇರೆ ಗಂಡಿನ ಮನೆಯವರಿಗೆ ಕಳಿಸೋಕೆ ಅಂತ ಸ್ಟುಡಿಯೋದಲ್ಲಿ ಪುಟ್ಟಿಯ ಫೋಟೋ ಬೆಳ್ಳಗೆ ಮಾಡಿಸಿದೆಯಂತೆ. ಅಮ್ಮಾ, ಅದು ಪುಟ್ಟಿಯ ಫೋಟೋ ಹೇಗಾಗುತ್ತೆ?

ಇಲ್ಲಿ 1950ರಲ್ಲಿ ಒಂದು ಕಾನೂನು ಬಂದಿತ್ತು, ಪ್ರತಿಯೊಬ್ಬರಿಗೂ ಒಂದು ಬಣ್ಣದ ಗುಂಪು ಬರೆದುಕೊಡುವುದು. ಅನುಮಾನ ಬಂದರೆ ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರಂತೆ, ಬೀಳುತ್ತದೋ ಇಲ್ಲವೋ ಎಂದು. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಗುಂಪಿಗೆ ಹೋದದ್ದುಂಟು. ನಾನು ಅಪ್ಪನ ಬಣ್ಣ, ಪುಟ್ಟಿ ಅಜ್ಜಿಯ ಬಣ್ಣ. ಚಿಕ್ಕಂದಿನಲ್ಲಿ ಅವಳನ್ನು ‘ಕರಿಯಮ್ಮ’ ಅಂತ ರೇಗಿಸುತ್ತಿದ್ದವನು ನಾನೇ. ನೀನು ನಗುತ್ತಿದ್ದೆ. ಅವಳು ನಗುತ್ತಿದ್ದಳಾ? ನನಗೆ ನೆನಪೇ ಇಲ್ಲ. ಅದಕ್ಕೇ ನಿದ್ದೆ ಬರಲಿಲ್ಲ.

ದುಡ್ಡಿಗೆ ತೊಂದರೆ ಇಲ್ಲ, ಖಂಡಿತ ಇಲ್ಲ. ಕಂಪನಿ ಚೆನ್ನಾಗಿದೆ, ಸಂಬಳ ತಿಂಗಳು ತಿಂಗಳು ಬರುತ್ತಿದೆ. ಅವಳ ಮದುವೆಗೆಂದೇ ಕೂಡಿಟ್ಟಿದ್ದೇನೆ. ಹುಡುಗ ಅವಳಿಗೆ ಹಿಡಿಸಲಿ, ಊರಿಗೆಲ್ಲ ಊಟ ಹಾಕೋಣ. ಬಣ್ಣದ ಬಾಕಿ ಅಂತ ಮಾತ್ರ ಒಂದು ಗ್ರಾಂ ಕೊಡುವುದಿಲ್ಲ. ಇವರಿಗೆ ಬೇಡ ಅಂತ ಹೇಳಿಬಿಡಿ. ಅಪ್ಪ ಮಾತಾಡದೆ ಕೂತಿದ್ದಾರೆ ಅಂದೆಯಲ್ಲ, ಈ ಕಾಗದ ಅವರಿಗೂ ಓದಿ ಹೇಳು. ಬೈದರೆ ನನ್ನ ಹೆಸರು ಹೇಳು.

ಆ ಫೋಟೋ ಬೇಡ. ಕಳೆದ ಯುಗಾದಿಗೆ ತೋಟದಲ್ಲಿ ನಾನು ತೆಗೆದದ್ದು ಇದೆಯಲ್ಲ, ಹಸಿರು ಸೀರೆಯದು, ಅದನ್ನು ಕಳಿಸು.

ಕುಕ್ಕರ್ ಆಗಲೇ ಮೂರು ಸಲ ಕೂಗಿತು, ಬೇಳೆ ತಳ ಹಿಡಿಯುತ್ತೆ. ಮುಂದಿನ ವಾರ ಫೋನ್ ಮಾಡುತ್ತೇನೆ, ಪುಟ್ಟಿ ಕೈಗೇ ಕೊಡು. ಚಕ್ಕುಲಿ ಇನ್ನೊಂದು ಸಲ ಡಬ್ಬಿಯಲ್ಲಿ ಹಾಕಿ ಕಳಿಸು.

ನಿನ್ನ
ರಘು