ಮಾರಿಯಾ ಯಾರೆಮಾ ಅವರಿಗೂ, ನನ್ನ ಜೊತೆ ನಿಂತ ಎಲ್ಲರಿಗೂ

ಪೋಲೆಂಡಿನ ಕ್ರಾಕೋವ್‌ನಲ್ಲಿ ನಡೆದ ನನ್ನ ಮೊದಲ ಮೊನೊಟೈಪ್ (ಒಂದೇ ಪ್ರತಿಯ ಅಚ್ಚುಚಿತ್ರ) ಪ್ರದರ್ಶನ ಕಳೆದ ಭಾನುವಾರ ಮುಗಿಯಿತು. ಎರಡು ವರ್ಷಗಳ ಹಿಂದೆ ರಕ್ತದ ಕಾಯಿಲೆಗೆ ಚಿಕಿತ್ಸೆ ಆರಂಭವಾದಾಗ, ಉಳಿ ಸುತ್ತಿಗೆ ಹಿಡಿಯುವ ಶಕ್ತಿ ನನ್ನ ಕೈಗಳಿಗೆ ಮತ್ತೆ ಬರುತ್ತದೆಂಬ ನಂಬಿಕೆಯೇ ಇರಲಿಲ್ಲ. ಆಗ ನನ್ನನ್ನು ಎತ್ತಿ ನಿಲ್ಲಿಸಿದವರನ್ನು ನೆನೆಯಲು ಕುಳಿತರೆ, ನಾನು ಕಂಡೇ ಇರದ ಮಾರಿಯಾ ಯಾರೆಮಾ ಅವರ ಹೆಸರೇ ಮೊದಲು ಬರುತ್ತದೆ.

1908ರಲ್ಲಿ ಹುಟ್ಟಿದ ಪೋಲಿಷ್ ಕಲಾವಿದೆ ಯಾರೆಮಾ, ಇದೇ ಊರಿನ ಲಲಿತಕಲಾ ಅಕಾಡೆಮಿಯಲ್ಲಿ ಕ್ಸಾವೆರಿ ದುನಿಕೋವ್‌ಸ್ಕಿ ಅವರ ಬಳಿ ಶಿಲ್ಪ ಕಲಿತವರು. 1955ರಲ್ಲಿ ಚಿತ್ರಕಾರ, ರಂಗನಿರ್ದೇಶಕ ತಾದೆಯುಷ್ ಕಾಂತೋರ್ ಅವರೊಡನೆ ಕ್ರಿಕೋತ್ 2 ರಂಗತಂಡವನ್ನೂ ಕಟ್ಟಿದರು. ಸಮಾಜವಾದವನ್ನು ಎತ್ತಿಹಿಡಿಯುವ ನೈಜ ಶೈಲಿಯ ಕಲೆಯನ್ನಷ್ಟೇ ಒಪ್ಪುವ ‘ಸಮಾಜವಾದಿ ವಾಸ್ತವವಾದ’ವೇ ಸರ್ಕಾರದ ಕಲಾನೀತಿಯಾಗಿದ್ದ ವರ್ಷಗಳಲ್ಲಿ ಅದಕ್ಕೆ ತಲೆಬಾಗದೆ, ತಮ್ಮ ಅಮೂರ್ತ ಚಿತ್ರಗಳನ್ನು ತಮ್ಮ ಪಾಡಿಗೆ ಬರೆಯುತ್ತಲೇ ಇದ್ದರು. ಅವರನ್ನು ಕೊನೆಗೆ ಬಲಿ ತೆಗೆದುಕೊಂಡದ್ದು ರಕ್ತದ ಕ್ಯಾನ್ಸರ್. ತೀರಿಕೊಂಡ 1958ರಲ್ಲೇ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಮೇಳದಲ್ಲಿ ಅವರ ಚಿತ್ರಗಳಿಗೆ ಬಹುಮಾನ ಬಂದಿತ್ತು.

ನನಗೆ ದಾರಿ ತೋರಿದ್ದು ಅವರ ಮೊನೊಟೈಪ್‌ಗಳು. ಗಾಜಿನ ಮೇಲೆ ಬಣ್ಣ ಹರಡಿ, ಅದರ ಮೇಲೆ ತೆಳು ಕಾಗದವನ್ನಿಟ್ಟು, ಅಂಗೈಯಿಂದ ಮೆಲ್ಲನೆ ಒತ್ತಿ ಎತ್ತಿದರೆ ಒಂದು ಅಚ್ಚು ಮೂಡುತ್ತದೆ; ಅದೇ ಅಚ್ಚು ಮತ್ತೊಮ್ಮೆ ಬಾರದು. ಯಾರೆಮಾ ಈ ಅಚ್ಚನ್ನು ಟೆಂಪೆರಾ ಬಣ್ಣದೊಡನೆ ಬೆರೆಸಿ, ಒಂದರೊಳಗೊಂದು ಹಾದುಹೋಗುವ ಪಾರದರ್ಶಕ ಆಕಾರಗಳನ್ನು ಮಾಡಿದರು. ಆ ಆಕಾರಗಳಿಗೆ ಬೆನ್ನೂ ಇದೆ, ಬದಿಯೂ ಇದೆ, ಅವು ಶಿಲ್ಪಿಯೇ ಬರೆದ ಚಿತ್ರಗಳೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಕಲ್ಲು ಎತ್ತಲಾಗದ ನನಗೆ ಅಂಗೈಯ ಒತ್ತಡವಷ್ಟೇ ಸಾಕಾಗುವ ಕೆಲಸವೊಂದು ಸಿಕ್ಕಿತು.

ರಾತ್ರಿಯೆಲ್ಲ ಎಚ್ಚರವಿದ್ದು ನೋಡಿಕೊಂಡ ದಾದಿಯರಿಗೆ, ತಮ್ಮ ಅಚ್ಚಿನ ಮನೆಯ ಒಂದು ಮೂಲೆಯನ್ನು ಬಾಡಿಗೆ ಕೇಳದೆ ಬಿಟ್ಟುಕೊಟ್ಟ ಗೆಳೆಯರಿಗೆ, ದಿನವೂ ಫೋನಿನಲ್ಲಿ ಊಟ ಆಯಿತೇ ಎಂದು ವಿಚಾರಿಸಿದ ಧಾರವಾಡದ ಅಕ್ಕನಿಗೆ ನಾನು ಋಣಿ. ಪಕ್ಕದ ಮನೆಯ ಅಜ್ಜಿ ಪ್ರತಿ ಗುರುವಾರ ಗಾಜಿನ ಜಾಡಿಯಲ್ಲಿ ಬೀಟ್‌ರೂಟ್ ಸಾರು ತಂದು, ನಾನು ಕುಡಿದು ಮುಗಿಸುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದರು.

ಪಿಯಾನೋ ಸಂಗೀತ ರಚನಕಾರ ಶೋಪೇನನ ನೆನಪಿಗಾಗಿ ಯಾರೆಮಾ 1949ರಲ್ಲಿ ರೂಪಿಸಿದ ಕಾರಂಜಿ, ಅವರ ಕಾಲದಲ್ಲಿ ಕಟ್ಟಲಾಗದೆ, 2006ರಲ್ಲಿ ಇಲ್ಲಿನ ಸಂಗೀತ ಸಭಾಂಗಣವಾದ ಫಿಲ್ಹಾರ್ಮನಿಯ ಎದುರು ಮೈದಳೆಯಿತು. ಅಲ್ಲಿ ಪಿಯಾನೋದ ಸುತ್ತಿಗೆಗಳಿವೆ. ತಂತಿಗಳ ಜಾಗದಲ್ಲಿ ನೀರಿನ ಎಳೆಗಳಿವೆ. ಪ್ರದರ್ಶನ ಮುಗಿದ ಸಂಜೆ ಅಜ್ಜಿಯ ಕೈ ಹಿಡಿದು ಅಲ್ಲಿಗೆ ಹೋಗಿ, ಕತ್ತಲಾಗುವವರೆಗೆ ಕುಳಿತು ಬಂದೆ.