ಗ್ರೂಪಿಗೆ ಸೇರಿಸಲ್ಲ ಅಂದದ್ದು ಯಾಕೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವರದಿಗಾರರೊಬ್ಬರು ನನಗೆ ಫೋನ್ ಮಾಡಿದ್ದರು. ಟ್ರಾನ್ಸ್ ಗಂಡಸರಿಗೆ ಅಂತ ನೀವೊಂದು ಗ್ರೂಪ್ ನಡೆಸ್ತೀರಂತೆ, ಎರಡು ದಿನ ನನ್ನನ್ನೂ ಸೇರಿಸಿಕೊಳ್ಳಿ, ಏನೂ ಮಾತಾಡಲ್ಲ, ಸುಮ್ನೆ ನೋಡ್ತೀನಿ, ಒಳ್ಳೇ ಸ್ಟೋರಿ ಆಗುತ್ತೆ ಅಂದರು. ಆಗಲ್ಲ ಅಂದೆ. ‘ಒಳ್ಳೇ ಕೆಲಸಾನೇ ಮಾಡ್ತಿದ್ದೀರಿ, ಮುಚ್ಚಿಡೋದು ಏನಿದೆ ಸರ್?’ ಅಂತ ಕೇಳಿದರು. ಅಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದರು, ಉತ್ತರ ಹೇಳೋಕೆ ಆಗಲಿಲ್ಲ. ಕೇಳಿದ್ದು ಸರಿಯಾದ ಪ್ರಶ್ನೆಯೇ. ಸರ್ ಅಂತ ಬೇರೆ ಅಂದಿದ್ದಾರೆ. ಅದಕ್ಕೇ ಈ ಕಾಗದ.

ನಾನು ತುಮಕೂರಿನವನು. ಜೆರಾಕ್ಸ್ ಅಂಗಡಿ ಇದೆ, ಡಿಟಿಪಿ ಮಾಡುತ್ತೇನೆ, ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ಹುಟ್ಟಿದಾಗ ಹೆಣ್ಣು ಮಗು ಅಂತ ಬರೆಸಿದರು. ನಾನು ಗಂಡಸು. ಟ್ರಾನ್ಸ್ ಅಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಮಂಗಳಮುಖಿಯರು. 2021ರಲ್ಲಿ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದಾಗ ನನ್ನ ಅಂಗಡಿಯಲ್ಲೇ ನಾಲ್ಕು ಜನ ನಿಂತು ಖುಷಿಯಿಂದ ಮಾತಾಡಿದರು. ಕೌಂಟರಿನ ಈ ಕಡೆ ನಾನು ಲ್ಯಾಮಿನೇಷನ್ ಮಾಡುತ್ತಾ ನಿಂತಿದ್ದೆ, ಯಾರಿಗೂ ಗೊತ್ತಿಲ್ಲ. ನಾವು ಇರುವುದೇ ಹೀಗೆ, ಕಣ್ಣಿಗೆ ಬೀಳಲ್ಲ.

ಇನ್ನೊಂದು ವ್ಯತ್ಯಾಸ ಇದೆ, ಇದನ್ನು ಯಾರೂ ಬರೆಯಲ್ಲ. ಮಂಗಳಮುಖಿಯರನ್ನು ಮನೆಯವರು ಸಾಮಾನ್ಯವಾಗಿ ಹೊರಗೆ ಹಾಕುತ್ತಾರೆ. ಹೊರಗೆ ಬಿದ್ದವರಿಗೆ ಅಲ್ಲೊಬ್ಬ ಗುರು, ಎಲ್ಲರೂ ಒಟ್ಟಿಗೆ ಇರುವ ಹಮಾಮು ಅನ್ನೋ ಮನೆ, ಒಂದಷ್ಟು ಅಕ್ಕತಂಗಿಯರು ಸಿಗುತ್ತಾರೆ. ಆ ಬದುಕು ಸುಖ ಅಂತ ನಾನು ಹೇಳ್ತಿಲ್ಲ. ನಮ್ಮನ್ನು ಮಾತ್ರ ಹೊರಗೆ ಹಾಕಲ್ಲ. ಒಳಗೇ ಇಟ್ಟುಕೊಳ್ಳುತ್ತಾರೆ. ಬಾಗಿಲು ಹಾಕುತ್ತಾರೆ, ಕಾಲೇಜು ಬಿಡಿಸುತ್ತಾರೆ, ಜಾತಕ ಹಿಡಿದುಕೊಂಡು ಗಂಡು ನೋಡೋಕೆ ಶುರು ಮಾಡುತ್ತಾರೆ. ಆಗ ಆ ಹುಡುಗನ ಕೈಯಲ್ಲಿ ಉಳಿಯುವುದು ಒಂದು ಮೊಬೈಲು, ಅದೂ ಕಿತ್ತುಕೊಳ್ಳುವ ತನಕ. ನಮ್ಮ ಹಮಾಮು ಅದರೊಳಗೇ ಇದೆ.

ಶುರುವಾದಾಗ ನಾಲ್ಕು ಜನ ಇದ್ದೆವು, ಈಗ ಅರವತ್ತು ದಾಟಿದೆ. ತುಮಕೂರು ಜಿಲ್ಲೆಯವರೇ ಜಾಸ್ತಿ, ಆಮೇಲೆ ಚಿಂತಾಮಣಿ, ಬಾಗೇಪಲ್ಲಿ, ಮುಳಬಾಗಿಲು. ವಾಯ್ಸ್ ಮೆಸೇಜುಗಳು ಅರ್ಧ ತೆಲುಗಿನಲ್ಲಿ ಬರುತ್ತವೆ, ನನಗೆ ಅಷ್ಟಾಗಿ ಬರಲ್ಲ, ಪಾವಗಡದವನೊಬ್ಬ ಕನ್ನಡ ಮಾಡಿ ಹೇಳುತ್ತಾನೆ. (ಈ ಕಾಗದದಲ್ಲಿ ಹುಡುಗರ ವಿಷಯ ಬಂದ ಕಡೆಯೆಲ್ಲ ಊರು ಬದಲಿಸಿದ್ದೇನೆ, ಹುಡುಕೋಕೆ ಹೋಗಬೇಡಿ.) ಮೊದಮೊದಲು ಗ್ರೂಪಿಗೆ ‘ಕೊಬ್ಬರಿ ರೇಟು’ ಅಂತ ಹೆಸರಿಟ್ಟಿದ್ದೆವು. ಮನೆಯವರು ಮೊಬೈಲ್ ನೋಡಿದರೂ ಅನುಮಾನ ಬರಬಾರದು ಅಂತ. ಒಂದು ದಿನ ಒಬ್ಬನ ಅಪ್ಪ ನೋಡಿಯೇಬಿಟ್ಟರು. ಅವರಿಗೆ ನಿಜವಾಗಲೂ ತೋಟ ಇದೆ. ‘ತಿಪಟೂರಲ್ಲಿ ಇವತ್ತು ಕ್ವಿಂಟಲ್ ಎಷ್ಟಕ್ಕೆ ಹೋಯ್ತು ನೋಡಿ ಹೇಳು’ ಅಂದರಂತೆ. ಅವತ್ತಿಂದ ಸುಮಾರು ಒಂದು ತಿಂಗಳು ದಿನಾ ಬೆಳಿಗ್ಗೆ ನಾನೇ ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ರೇಟು ಹುಡುಕಿ ಗ್ರೂಪಿಗೆ ಹಾಕಿದೆ. ಈಗ ಆ ಹೆಸರಿಲ್ಲ, ಅದಕ್ಕೇ ಧೈರ್ಯವಾಗಿ ಹೇಳ್ತಿದ್ದೇನೆ.

ನಗು ಅಲ್ಲಿಗೆ ಮುಗಿಯಿತು. ಒಂದು ಸಲ ‘ನಾನೂ ನಿಮ್ಮಂಥವನೇ ಅಣ್ಣ’ ಅಂತ ಒಬ್ಬ ಬಂದ. ನಾನು ಪೂರ್ವಾಪರ ಕೇಳದೆ ಸೇರಿಸಿದೆ. ತಪ್ಪು ನನ್ನದೇ. ವಾಟ್ಸಾಪಿನಲ್ಲಿ ಗ್ರೂಪಿನಲ್ಲಿರುವ ಎಲ್ಲರ ನಂಬರೂ ಎಲ್ಲರಿಗೂ ಕಾಣಿಸುತ್ತಿತ್ತು, ಆಗ ಅದರ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಬಂದವನು ನಮ್ಮ ಹುಡುಗನೊಬ್ಬನ ಚಿಕ್ಕಪ್ಪನ ಮಗ. ಮೂರು ದಿನ ಸುಮ್ಮನಿದ್ದು ಸ್ಕ್ರೀನ್‌ಶಾಟ್ ತೆಗೆದು ಮನೆಗೆ ಕಳಿಸಿದ. ಆ ಹುಡುಗನ ಫೋನ್ ಸ್ವಿಚ್ ಆಫ್ ಆಯಿತು. ಎರಡು ತಿಂಗಳು ಅವನಿಂದ ಸುದ್ದಿ ಇಲ್ಲ. ಆಮೇಲೊಂದು ದಿನ ಪಕ್ಕದ ಮನೆಯವರ ಫೋನಿಂದ ಒಂದೇ ಒಂದು ಮೆಸೇಜ್ ಬಂತು: ‘ಅಣ್ಣ, ನನ್ನ ಕೂದಲು ಬೆಳೆಸ್ತಿದ್ದಾರೆ.’

ನಿಮ್ಮ ವರದಿಗಾರರು ‘ಸುಮ್ನೆ ನೋಡ್ತೀನಿ’ ಅಂದಾಗ ನನಗೆ ಆ ಮೂರು ದಿನ ನೆನಪಾಯಿತು. ಅವರು ಅಂಥವರಲ್ಲ, ಗೊತ್ತು. ಆದರೆ ಬಾಗಿಲಲ್ಲಿ ನಿಂತವನು ಎಂಥವನು ಅಂತ ಒಳಗಿರುವ ಹುಡುಗನಿಗೆ ಗೊತ್ತಿರಲ್ಲವಲ್ಲ. ಈಗ ನಂಬರ್ ಮರೆಮಾಡಬಹುದಾದ ಟೆಲಿಗ್ರಾಂಗೆ ಹೋಗಿದ್ದೇವೆ. ಒಳಗಿರುವ ಒಬ್ಬರಾದರೂ ಇವನು ಗೊತ್ತು ಅನ್ನಬೇಕು, ಆಮೇಲೆ ನನ್ನ ಜೊತೆ ಅರ್ಧ ಗಂಟೆ ಮಾತಾಡಬೇಕು. ಹಳೇ ಹೆಸರು ಕೇಳಲ್ಲ, ಫೋಟೋ ಕೇಳಲ್ಲ, ‘ಆಪರೇಷನ್ ಆಯ್ತಾ’ ಅಂತ ಕೇಳಿದವನನ್ನು ಅವತ್ತೇ ತೆಗೆಯುತ್ತೇವೆ. ಹದಿನೆಂಟು ತುಂಬದ ಮಕ್ಕಳನ್ನು ಸೇರಿಸಲ್ಲ. ಅದು ಸುಲಭ ಅಲ್ಲ, ರಾತ್ರಿ ಹನ್ನೊಂದಕ್ಕೆ ಅಳುತ್ತಾ ಫೋನ್ ಮಾಡಿದ ಮಗುವಿಗೆ ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ 14416 ಅಂತ ನಂಬರ್ ಕೊಟ್ಟು ಇಡುವಾಗ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ಒಳಗೆ ಏನು ಮಾತಾಡ್ತೀರಿ ಅಂತ ಅವರು ಕೇಳಿದ್ದರು. ಬಹುಪಾಲು ದಿನ ಕ್ರಿಕೆಟ್ಟು, ಕ್ಯಾತ್ಸಂದ್ರದಲ್ಲಿ ಯಾವ ಹೋಟೆಲಿನ ತಟ್ಟೆ ಇಡ್ಲಿ ಚೆನ್ನಾಗಿದೆ ಅನ್ನೋ ಜಗಳ. ಆದರೆ ಮಧ್ಯೆ ಮಧ್ಯೆ ಬೇರೆಲ್ಲೂ ಕೇಳೋಕೆ ಆಗದ್ದನ್ನು ಕೇಳುತ್ತಾರೆ. ಒಬ್ಬ ಎದೆ ಕಾಣಬಾರದು ಅಂತ ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜು ಬಿಗಿಯಾಗಿ ಸುತ್ತಿಕೊಂಡು, ಏಪ್ರಿಲ್ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಲ್ಲಿ ತಲೆ ಸುತ್ತಿ ಕೂತುಬಿಟ್ಟಿದ್ದ. ಆ ಬ್ಯಾಂಡೇಜು ಉಸಿರಾಡಿದಂತೆ ಸಡಿಲವಾಗಲ್ಲ, ಇನ್ನೂ ಹಿಡಿಯುತ್ತಾ ಹೋಗುತ್ತದೆ, ಪಕ್ಕೆಲುಬಿಗೇ ಪೆಟ್ಟು. ಅದಕ್ಕೆಂದೇ ಮಾಡಿದ ಬನಿಯನ್ ಸಿಗುತ್ತದೆ, ಅದನ್ನೂ ಎಂಟು ಗಂಟೆಗಿಂತ ಜಾಸ್ತಿ ಹಾಕಬೇಡ, ಮಲಗುವಾಗ ಬಿಚ್ಚು, ಅಂತ ನಾವು ಗಿಳಿಪಾಠ ಮಾಡುತ್ತಲೇ ಇರುತ್ತೇವೆ. ಇಂಜೆಕ್ಷನ್ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಯಾರೂ ಯಾರಿಗೂ ಡೋಸ್ ಹೇಳುವ ಹಾಗಿಲ್ಲ. ಜಿಮ್ಮಿನವನು ಕೊಟ್ಟ ಅಂತ ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಂಡವರಿದ್ದಾರೆ. ಅದು ರಕ್ತದಲ್ಲಿ ಕೆಂಪು ಕಣ ಏರಿಸುತ್ತದೆ, ರಕ್ತ ಮಂದವಾಗುತ್ತದೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು. ಒಡೆದ ದನಿ ಮತ್ತೆ ಹಿಂದಕ್ಕೆ ಹೋಗಲ್ಲ, ಯೋಚನೆ ಮಾಡಿ, ಹಾರ್ಮೋನ್ ಡಾಕ್ಟರ ಹತ್ತಿರ ಹೋಗು ಅನ್ನುತ್ತೇವೆ. ನನ್ನ ದನಿ ಒಡೆದಾಗ ಅಮ್ಮ ಶೀತ ಅಂದುಕೊಂಡು ಆರು ವಾರ ಶುಂಠಿ ಕಷಾಯ ಕುಡಿಸಿದರು. ಕುಡಿದೆ. ಹೇಳೋಕೆ ಏಳನೇ ವಾರ ಬೇಕಾಯಿತು.

ಗ್ರೂಪಿನಲ್ಲಿ ಅತಿ ಜಾಸ್ತಿ ಜಗಳ ಆಗಿದ್ದು ಬಸ್ಸಿನ ಬಗ್ಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತಲ್ಲ, ಅದರಲ್ಲಿ ಹೆಂಗಸರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಗುಬ್ಬಿ ಕಡೆಯ ಒಬ್ಬ, ಆಗತಾನೇ ಮೀಸೆ ಚಿಗುರುತ್ತಿದೆ, ಆಧಾರ್ ಕಾರ್ಡಿನಲ್ಲಿ ಇನ್ನೂ ಹೆಣ್ಣು. ತೋರಿಸಿದ. ‘ಏನ್ ಗುರೂ, ಅಕ್ಕನ ಆಧಾರ್ ತಂದಿದ್ದೀಯಾ?’ ಅಂದರು ಕಂಡಕ್ಟರು. ಬಸ್ಸೆಲ್ಲಾ ನಕ್ಕಿತು. ದುಡ್ಡು ಕೊಟ್ಟು ಟಿಕೆಟ್ ತಗೊಂಡ. ನಮ್ಮ ಹಕ್ಕು ಯಾಕೆ ಬಿಡಬೇಕು ಅಂತ ಅರ್ಧ ಜನ. ಇನ್ನರ್ಧ, ‘ಟಿಕೆಟ್ ತಗೊಂಡ್ರೆ ಅಣ್ಣಾ ಮುಂದೆ ಹೋಗಣ್ಣಾ ಅಂತಾರಲ್ಲ, ಆ ಒಂದು ಮಾತಿಗೆ ಕೊಡೋ ದುಡ್ಡು ಬಿಡು’ ಅಂತ. ನಾನು ಮೊದಲನೇ ಗುಂಪು. ಆದರೂ ಬೆಂಗಳೂರಿಗೆ ಹೋಗುವಾಗ ಟಿಕೆಟ್ ತಗೊಳ್ಳುತ್ತೇನೆ.

ಕಾಗದಪತ್ರದ ಕೆಲಸ ನನ್ನ ಪಾಲಿನದು. ಗಂಡು, ಹೆಣ್ಣು, ತೃತೀಯ ಲಿಂಗ, ತಾನು ಯಾರು ಅಂತ ಹೇಳುವ ಹಕ್ಕು ಅವರವರದೇ ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ಹೇಳಿತು. 2019ರ ಕಾಯ್ದೆ, 2020ರ ನಿಯಮ ಬಂದ ಮೇಲೆ ಜಿಲ್ಲಾಧಿಕಾರಿಗಳ ಗುರುತಿನ ಪತ್ರಕ್ಕೆ ಆನ್‌ಲೈನಿನಲ್ಲೇ ಅರ್ಜಿ ಹಾಕುವ ಹಾಗಾಯಿತು. 2022ರಲ್ಲಿ ಒಬ್ಬನಿಗೆ ಅರ್ಜಿ ಹಾಕಿಕೊಟ್ಟೆ. ಒಂದು ಕಚೇರಿಯ ಗುಮಾಸ್ತರು ‘ಡಾಕ್ಟರ್ ಸರ್ಟಿಫಿಕೇಟ್ ತನ್ನಿ’ ಅಂದರು. ವೈದ್ಯಕೀಯ ಪರೀಕ್ಷೆ ಇಲ್ಲದೆಯೇ ಕೊಡಬೇಕು ಅಂತ ನಿಯಮದಲ್ಲೇ ಬರೆದಿತ್ತು. ಅಂಗಡಿಗೆ ಬಂದು ಆ ಪುಟದ ಪ್ರಿಂಟ್ ತೆಗೆದುಕೊಂಡು ಹೋಗಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಇದರದೊಂದು ಕಾಪಿ ನನಗೂ ಬೇಕಲ್ಲಪ್ಪ’ ಅಂದರು. ಕೊಟ್ಟು ಬಂದೆ. ಆಮೇಲೆ ಆ ಕಚೇರಿಯಲ್ಲಿ ನಮಗೆ ತೊಂದರೆ ಆಗಿಲ್ಲ.

ಈಗ ನಿಮ್ಮ ಪತ್ರಿಕೆಗೆ ಒಂದು ಮಾತು. ನಮ್ಮ ಹುಡುಗನೊಬ್ಬ ಮನೆಯಲ್ಲಿ ಮದುವೆ ಗೊತ್ತು ಮಾಡಿದಾಗ ಹೊರಟು ಬಂದ. ಇಪ್ಪತ್ತಮೂರು ವಯಸ್ಸು. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ. ಮನೆಯವರು ‘ಯುವತಿ ಕಾಣೆ’ ಅಂತ ಒಂದು ಪೇಪರಿಗೆ ಕೊಟ್ಟರು. ನಿಮ್ಮದಲ್ಲ, ಬೇರೆ. ಎಸ್ಸೆಸ್ಸೆಲ್ಸಿ ಫೋಟೋ, ಎರಡು ಜಡೆ, ಮಡಿಚಿ ಕಟ್ಟಿದ ರಿಬ್ಬನ್ನು, ಕೆಳಗೆ ಹಳೇ ಹೆಸರು. ಟೀ ಅಂಗಡಿಯಲ್ಲಿ ಜೊತೆ ಕೆಲಸ ಮಾಡುವವರು ಅದನ್ನು ಜೋರಾಗಿ ಓದಿ ಪೇಪರನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಇವನ ಕೈಗೂ ಬಂತು. ‘ಪಾಪ, ಯಾವ ಮನೆ ಹುಡುಗಿಯೋ’ ಅಂದರು ಯಾರೋ. ಇವನೂ ‘ಪಾಪ’ ಅಂದು ಪಕ್ಕದವನಿಗೆ ದಾಟಿಸಿದ. ಗಡ್ಡ ಇತ್ತು, ಬಚಾವಾದ. ರಾತ್ರಿ ಗ್ರೂಪಿನಲ್ಲಿ ಅದನ್ನು ಜೋಕಿನ ಹಾಗೆ ಹೇಳಿಕೊಂಡ, ಆಮೇಲೆ ನನಗೊಬ್ಬನಿಗೇ ಫೋನ್ ಮಾಡಿ ಬಹಳ ಹೊತ್ತು ಮಾತಾಡಲೇ ಇಲ್ಲ.

ಹಾಗಾಗಿ, ಮನೆ ಬಿಟ್ಟವರು ಹದಿನೆಂಟು ದಾಟಿದ್ದರೆ ಫೋಟೋ ಹಾಕುವ ಮುಂಚೆ ಯಾಕೆ ಬಿಟ್ಟರು ಅಂತ ಒಮ್ಮೆ ವಿಚಾರಿಸಿ. ‘ಗಂಡು ವೇಷದ ಯುವತಿ’ ಅಂತ ತಲೆಬರಹ ಕೊಡಬೇಡಿ, ಅದು ವೇಷ ಅಲ್ಲ. ಅವನು ಯಾವ ಹೆಸರು ಹೇಳಿಕೊಳ್ಳುತ್ತಾನೋ ಅದನ್ನೇ ಬರೆಯಿರಿ.

ನಿಮ್ಮ ವರದಿಗಾರರಿಗೆ ಹೇಳಿ, ಬೇಜಾರಿಲ್ಲ. ಪ್ರಶ್ನೆಗಳನ್ನು ಬರೆದು ನನಗೆ ಕಳಿಸಲಿ, ಗ್ರೂಪಿನಲ್ಲಿ ಹಾಕುತ್ತೇನೆ, ಮನಸ್ಸಿದ್ದವರು ಉತ್ತರ ಹೇಳುತ್ತಾರೆ, ಹೆಸರು ತೆಗೆದು ನಾನೇ ಟೈಪ್ ಮಾಡಿ ಕೊಡುತ್ತೇನೆ. ನಾನಂತೂ ಅಂಗಡಿಯಲ್ಲೇ ಇರ್ತೀನಿ, ಬಂದರೆ ಟೀ ಕುಡಿಯೋಣ. ಈ ಕಾಗದ ಹಾಕುವುದಾದರೆ ನನ್ನ ಹೆಸರು ಹಾಕಬೇಡಿ. ನಮ್ಮ ಮನೆಗೂ ನಿಮ್ಮ ಪೇಪರೇ ಬರುವುದು. ಅಮ್ಮನಿಗೆ ಎಲ್ಲಾ ಗೊತ್ತಿದೆ. ಆದರೆ ಅಮ್ಮ ಓದಿದ ಮೇಲೆ ಅದು ಪಕ್ಕದ ಮನೆಗೆ ಹೋಗುತ್ತದೆ.

– ಜೆರಾಕ್ಸ್ ಅಂಗಡಿಯವನು, ತುಮಕೂರು