ಐದು ವರ್ಷವಾದರೂ ವಿಚಾರಣೆಯೇ ಶುರುವಾಗಿಲ್ಲ

ಸಂಪಾದಕರೇ,

ಉಮರ್ ಖಾಲಿದ್, ಶರ್ಜೀಲ್ ಇಮಾಮ್, ಗುಲ್ಫಿಶಾ ಫಾತಿಮಾ ಸೇರಿ ಒಂಬತ್ತು ಮಂದಿಯ ಜಾಮೀನು ಮೇಲ್ಮನವಿಯನ್ನು ದೆಹಲಿ ಹೈಕೋರ್ಟ್ 2025ರ ಸೆಪ್ಟೆಂಬರ್ 2ರಂದು ವಜಾ ಮಾಡಿದ ಸುದ್ದಿ ಓದಿ ತುಂಬಾ ಬೇಸರವಾಯಿತು. ಪೌರತ್ವ ತಿದ್ದುಪಡಿ ಕಾಯ್ದೆ ಬೇಡ ಎಂದು ಬೀದಿಗಿಳಿದವರು ಇವರು. 2020ರ ಫೆಬ್ರುವರಿಯ ದೆಹಲಿ ಗಲಭೆಗೆ ಸಂಚು ಮಾಡಿದರು ಅನ್ನೋದು ಪೊಲೀಸರ ಆರೋಪ. ಇವರು ಕೇಳಿದ್ದು ಜಾಮೀನು ಅಷ್ಟೇ, ಕೇಸನ್ನೇ ಕೈಬಿಡಿ ಎಂದು ಯಾರೂ ಕೇಳಿರಲಿಲ್ಲ.

ತೀರ್ಪಿನ ಒಂದು ಮಾತು ನನಗೆ ನುಂಗಲಾಗುತ್ತಿಲ್ಲ. ವಿಚಾರಣೆ ಸಹಜ ವೇಗದಲ್ಲಿ ಸಾಗುತ್ತದೆ, ಅವಸರದ ವಿಚಾರಣೆ ಆರೋಪಿಗಳಿಗೂ ಸರ್ಕಾರಕ್ಕೂ ಒಳ್ಳೆಯದಲ್ಲ ಅಂತ. ಅವಸರ ಎಲ್ಲಿದೆ ಹೇಳಿ? ಶರ್ಜೀಲ್ ಜೈಲು ಸೇರಿದ್ದು 2020ರ ಜನವರಿಯಲ್ಲಿ, ಗುಲ್ಫಿಶಾ ಏಪ್ರಿಲ್‌ನಲ್ಲಿ, ಉಮರ್ ಸೆಪ್ಟೆಂಬರ್‌ನಲ್ಲಿ. ಯಾರ ಮೇಲೆ ಯಾವ ಆರೋಪದ ವಿಚಾರಣೆ ಎಂದು ಕೋರ್ಟ್ ತೀರ್ಮಾನಿಸುವ ದೋಷಾರೋಪ ನಿಗದಿಯೇ ಈ ತೀರ್ಪಿನ ಹೊತ್ತಿಗೂ ಆಗಿರಲಿಲ್ಲ. ಸಾಕ್ಷಿಗಳು ಕಟಕಟೆ ಹತ್ತೋದು ಅದಾದ ಮೇಲಿನ ಮಾತು.

ಇವರ ಮೇಲೆ ಹಾಕಿರುವ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) 43ಡಿ(5) ಸೆಕ್ಷನ್ ಬಿಗಿಯಾಗಿದೆ, ಒಪ್ಪುತ್ತೇನೆ. ಪೊಲೀಸರ ದಾಖಲೆ ನೋಡಿ ಆರೋಪ ಮೇಲ್ನೋಟಕ್ಕೆ ನಿಜ ಅನಿಸಿದರೆ ಜಾಮೀನು ಕೊಡುವಂತಿಲ್ಲ. ಆದರೆ ಇದೇ ಕಾಯ್ದೆಯಡಿ ಐದು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದ ನಜೀಬ್ ಎಂಬುವವರ ಜಾಮೀನನ್ನು 2021ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ. ವಿಚಾರಣೆ ಬೇಗ ಮುಗಿಯುವ ಲಕ್ಷಣ ಇಲ್ಲದಿದ್ದರೆ ಜಾಮೀನು ಕೊಡಬಹುದು ಎಂದಿದೆ. ಇದೇ ಸಂಚಿನ ಪ್ರಕರಣದಲ್ಲಿ ನತಾಶಾ ನರ್ವಾಲ್, ದೇವಾಂಗನಾ ಕಲಿತಾ, ಆಸಿಫ್ ಇಕ್ಬಾಲ್ ತನ್ಹಾ ಅವರಿಗೆ 2021ರ ಜೂನ್‌ನಲ್ಲಿ ಜಾಮೀನು ಕೊಟ್ಟಿದ್ದೂ ಇದೇ ಹೈಕೋರ್ಟ್. ಅದಕ್ಕೆ ಒಂದು ತಿಂಗಳ ಮೊದಲು, ಮಗಳು ಇನ್ನೂ ಒಳಗಿದ್ದಾಗಲೇ, ನತಾಶಾ ಅವರ ತಂದೆ ಕೋವಿಡ್‌ನಿಂದ ತೀರಿಕೊಂಡಿದ್ದರು. ಆ ಸುದ್ದಿ ನನಗೆ ಇವತ್ತಿಗೂ ಮರೆತಿಲ್ಲ.

ಬೆಂಗಳೂರಿನವರಿಗೆ ಇದು ದೂರದ ವಿಷಯ ಅಲ್ಲ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಟೌನ್ ಹಾಲ್ ಎದುರು ಸುಮ್ನೆ ಭಿತ್ತಿಪತ್ರ ಹಿಡಿದು ನಿಂತವರನ್ನೂ ಎಳೆದೊಯ್ದರು, ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೂ ಬಿಡಲಿಲ್ಲ. ಗುಂಪು ಸೇರದಂತೆ ಅವತ್ತು ಹೇರಿದ್ದ 144ನೇ ಸೆಕ್ಷನ್ ಕಾನೂನುಬಾಹಿರ ಎಂದು ನಮ್ಮ ಹೈಕೋರ್ಟ್ ಹೇಳಿದ್ದು ಎರಡೇ ತಿಂಗಳಲ್ಲಿ. ಕೋರ್ಟ್ ಮನಸ್ಸು ಮಾಡಿದರೆ ಬೇಗ ಆಗುತ್ತದೆ, ಅಲ್ವಾ?

ದೆಹಲಿ ಗಲಭೆಯಲ್ಲಿ 53 ಜನ ಸತ್ತರು. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು. ವಿಚಾರಣೆ ಹೀಗೆ ನಿಂತಲ್ಲೇ ನಿಂತರೆ ಆ 53 ಮನೆಯವರಿಗೆ ಉತ್ತರ ಕೊಡುವವರು ಯಾರು? ದಿನವಹಿ ವಿಚಾರಣೆ ಶುರು ಮಾಡಲಿ, ಅದು ಆಗೋದಿಲ್ಲ ಎಂದರೆ ಇನ್ನೂ ಒಳಗಿರುವವರನ್ನು ಷರತ್ತು ಹಾಕಿ ಮನೆಗೆ ಕಳಿಸಲಿ.

ನಿಮ್ಮಲ್ಲಿ ಒಂದು ಕೋರಿಕೆ. ಈ ಪ್ರಕರಣದ ಸುದ್ದಿ ಹಾಕುವಾಗೆಲ್ಲ, ಇವರು ಒಳಗೆ ಹೋಗಿ ಎಷ್ಟು ದಿನ ಆಯಿತು, ದೋಷಾರೋಪ ನಿಗದಿ ಎಲ್ಲಿಗೆ ಬಂತು ಎನ್ನುವುದನ್ನೂ ಒಂದು ಸಾಲು ಸೇರಿಸಿ.

– ನಿಮ್ಮ ಓದುಗ, ಬೆಂಗಳೂರು